ಹದಿನೆಂಟರ ಹಾಡು, ಐವತ್ತೆರಡರ ಕೈ

ರಾಯಬಾಗ ತಾಲೂಕಿನ ಪಾಲಕರೊಬ್ಬರ ಪತ್ರ ಈ ವಾರದ ಟಪಾಲಿನಲ್ಲಿ ಬಂದಿದೆ. ಮಗ ಪಿಯುಸಿ ಎರಡನೆಯ ವರ್ಷ, ಸೈನ್ಸ್. ಓದಲು ಕುಳಿತರೆ ಕಿವಿಯಲ್ಲಿ ಎರಡು ಗುಂಡಿ ಸಿಕ್ಕಿಸಿಕೊಂಡೇ ಕೂಡುತ್ತಾನೆ. ಒಂದು ದಿನ ತಂದೆ ಆ ಗುಂಡಿಗಳನ್ನು ಕಿತ್ತು ತಮ್ಮ ಕಿವಿಗಿಟ್ಟುಕೊಂಡು ನೋಡಿದರಂತೆ. "ಕಬ್ಬಿನ ಗಾಣದಾಗ ಕಬ್ಬಿಣದ ಸಲಾಕಿ ಸಿಕ್ಕಂಗ ಆತರಿ. ನಡುವ ಒಬ್ಬಾವ ಯಾರೋ ಬಡದಂಗ ಒದರತಿದ್ದ. ಇದು ಹಾಡ ಏನ್ರಿ?" ಎಂದು ಕೇಳಿದ್ದಾರೆ. ಪತ್ರದ ಕೊನೆಯಲ್ಲಿ ಇನ್ನೊಂದು ಪ್ರಶ್ನೆಯಿದೆ. ಅದೇ ಹಾಡುಗಳನ್ನು ಅದೇ ಮಂದಿ ಮೂವತ್ತು ವರ್ಷದ ಮೇಲೆ ಮತ್ತೆ ಹಾಡಿ ಹೊಸದಾಗಿ ರೆಕಾರ್ಡು ಮಾಡಿದ್ದಾರೆ, ಮಗ ಎರಡನ್ನೂ ಒಂದರ ಹಿಂದೆ ಒಂದು ಹಚ್ಚಿ ಕೇಳುತ್ತಾನೆ. "ಒಮ್ಮೆ ಒದರಿದ್ದು ಸಾಲದೇನ್ರಿ? ಎರಡನೇ ಸಲ ಯಾಕ ಒದರಬೇಕು?"

ಮೊದಲನೆಯ ಪ್ರಶ್ನೆಗೆ ಉತ್ತರ ಸಣ್ಣದು. ಹೌದು, ಅದು ಹಾಡೇ. ಗಣಪತಿ ಕಳಿಸುವ ದಿನ ಟ್ರ್ಯಾಕ್ಟರಿನ ಮೇಲೆ ಡಾಲ್ಬಿ ಹೇರಿಕೊಂಡು ಮನೆಯ ಕಿಟಕಿಯ ಗಾಜು ನಡುಗಿಸುವ ಊರಿನವರು ನಾವು. ಗದ್ದಲದ ವಿಷಯದಲ್ಲಿ ಮಕ್ಕಳಿಗೆ ಬುದ್ಧಿ ಹೇಳುವಾಗ ಸ್ವಲ್ಪ ತಡವರಿಸಬೇಕಾಗುತ್ತದೆ. (ಕಿವಿಯ ಮಾತು ಬಂತೆಂದು ಹೇಳಿಬಿಡುತ್ತೇನೆ: ದೊಡ್ಡವರಿಗೆ ವಾರಕ್ಕೆ 40 ತಾಸು 80 ಡೆಸಿಬಲ್, ಮಕ್ಕಳಿಗೆ 75 ಡೆಸಿಬಲ್, ಇದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ. ಹಾಡು ಯಾವುದೇ ಇರಲಿ, ಲತಾ ಮಂಗೇಶ್ಕರ್ ಅವರದೇ ಇರಲಿ, ಮಿತಿ ಒಂದೇ.)

ಎರಡನೆಯ ಪ್ರಶ್ನೆ ಮಾತ್ರ ಹಾಗೆ ಮುಗಿಯುವಂಥದಲ್ಲ. ಅದಕ್ಕಾಗಿ ಈ ವಾರದ ಅಂಕಣ.

ಹುಡುಗ ಕೇಳುತ್ತಿರುವುದಕ್ಕೆ ಥ್ರ್ಯಾಶ್ ಮೆಟಲ್ ಎಂದು ಹೆಸರು. 1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ, ಇದು ಬೆಳೆಯಿತು. ಇಂಗ್ಲೆಂಡಿನ ಹೆವಿ ಮೆಟಲ್ ಸಂಗೀತದ ಭಾರವನ್ನೂ ಪಂಕ್ ಸಂಗೀತದ ಅವಸರವನ್ನೂ ಕೂಡಿಸಿ ಹದಿಹರೆಯದ ಹುಡುಗರು ಕಟ್ಟಿದ ಪ್ರಕಾರ. ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್, ಈ ನಾಲ್ಕು ತಂಡಗಳನ್ನು ಅದರ ನಾಲ್ಕು ದೊಡ್ಡ ಮನೆಗಳು ಎನ್ನುತ್ತಾರೆ. ಮೆಟಾಲಿಕಾದ ಮೊದಲ ಆಲ್ಬಮ್ 1983ರಲ್ಲಿ ಬಂತು. ಅದೇ ತಂಡ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಆಗ ಬೆಂಗಳೂರಿನಲ್ಲಿ ಕಲಿಯುತ್ತಿದ್ದ ನಮ್ಮ ಭಾಗದ ಹುಡುಗರೂ ಆ ಗದ್ದಲದಲ್ಲಿ ಇದ್ದಿರಬೇಕು.

ಗದ್ದಲವೆಂದು ತೋರುವುದರ ಒಳಗೆ ಕಸರತ್ತು ಬಹಳವಿದೆ. ಗಿಟಾರ್ ನುಡಿಸುವವನು ಬಲ ಅಂಗೈಯ ಅಂಚನ್ನು ತಂತಿಗಳ ಬುಡದಲ್ಲಿ, ಕುದುರೆಯ ಹತ್ತಿರ, ಮೆಲ್ಲಗೆ ಒತ್ತಿ ಹಿಡಿದು ಮೀಟುತ್ತಾನೆ. ತಂತಿ ಪೂರ್ತಿ ಮೊಳಗದೆ ಒಳಗೊಳಗೇ 'ಝುಗ್ ಝುಗ್' ಎನ್ನುತ್ತದೆ. ಒತ್ತು ಹೆಚ್ಚಾದರೆ ನಾದ ಸಾಯುತ್ತದೆ, ಕಡಿಮೆಯಾದರೆ ಕಲಸುತ್ತದೆ. ಇದನ್ನು ಸಿತಾರಿನ ಝಾಲಾದ ವೇಗದಲ್ಲಿ, ಕೈ ಸೋಲದಂತೆ, ನಾಲ್ಕಾರು ನಿಮಿಷ ನಡೆಸಬೇಕು. ಡ್ರಮ್ ಬಾರಿಸುವವನಿಗೆ ಎರಡು ಕೈ ಸಾಲದೆ ಎರಡು ಕಾಲಿಗೂ ಒಂದೊಂದು ಪೆಡಲು. ನಮ್ಮ ಕರಡಿ ಮಜಲಿನವರು ಮೆರವಣಿಗೆಯ ಕೊನೆಗೆ ಲಯ ಏರಿಸಿ ಹಣೆಯ ಬೆವರು ಚಿಮ್ಮಿಸುವುದನ್ನು ಕಂಡವರಿಗೆ ಇದರ ಸುಖ ಏನೆಂದು ಬಿಡಿಸಿ ಹೇಳಬೇಕಿಲ್ಲ. 1986ರಲ್ಲಿ ಬಂದ ಸ್ಲೇಯರ್ ತಂಡದ 'ರೇನ್ ಇನ್ ಬ್ಲಡ್' ಎಂಬ ಆಲ್ಬಮ್ಮಿನಲ್ಲಿ ಹತ್ತು ಹಾಡುಗಳಿವೆ. ಹತ್ತೂ ಸೇರಿ ಅರ್ಧ ತಾಸು ತುಂಬುವುದಿಲ್ಲ. ಅದರಲ್ಲಿ ಡ್ರಮ್ ಬಾರಿಸಿದ ಡೇವ್ ಲೊಂಬಾರ್ಡೊ ಎಂಬವನ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನು ಕಥೆ. ಕ್ಯಾಲಿಫೋರ್ನಿಯಾದ ಉತ್ತರದ ತುದಿಗೆ ಸಮುದ್ರದ ದಂಡೆಯಲ್ಲಿ ಯುರೇಕಾ ಎಂಬ ಊರಿದೆ. 2010ರ ಜನಗಣತಿಯಲ್ಲಿ ಸುಮಾರು ಇಪ್ಪತ್ತೇಳು ಸಾವಿರ ಜನ, ಎಂದರೆ ಅಥಣಿ, ಚಿಕ್ಕೋಡಿಗಳಿಗಿಂತ ಚಿಕ್ಕದು. ಸುತ್ತ ರೆಡ್‌ವುಡ್ ಮರಗಳ ಕಾಡು. ಕಟ್ಟಿಗೆ ಕೊಯ್ಯುವ ಗಿರಣಿ, ಮೀನು ಹಿಡಿಯುವ ದೋಣಿ, ಇವೇ ಊರನ್ನು ಬೆಳೆಸಿದ ಕಸುಬು. ಸಂಗೀತದ ದೊಡ್ಡ ಪೇಟೆಯಾದ ಸ್ಯಾನ್ ಫ್ರಾನ್ಸಿಸ್ಕೊ ಅಲ್ಲಿಂದ ಸುಮಾರು 430 ಕಿಲೋಮೀಟರ್. ಕಾಗವಾಡದ ಹುಡುಗನಿಗೆ ಬೆಂಗಳೂರು ಎಷ್ಟು ದೂರವೋ ಯುರೇಕಾದ ಹುಡುಗನಿಗೆ ಆ ಪೇಟೆಯೂ ಹೆಚ್ಚುಕಡಿಮೆ ಅಷ್ಟೇ ದೂರ. ಕಿಲೋಮೀಟರಿನ ಲೆಕ್ಕದಲ್ಲಿ ಅಲ್ಲ, ಮನಸ್ಸಿನ ಲೆಕ್ಕದಲ್ಲಿ. ಕಾಗವಾಡದವನಿಗೆ ಒಂದು ಅನುಕೂಲವಾದರೂ ಇದೆ, ತಂತಿವಾದ್ಯಕ್ಕೆ ಹೆಸರಾದ ಮಿರಜ್ ಪಕ್ಕದಲ್ಲೇ ಇದೆ.

ಆ ಊರಿನಲ್ಲಿ 1985ರಲ್ಲಿ ಹೈಸ್ಕೂಲಿನ ಕೆಲವು ಹುಡುಗರು ಕೂಡಿ ಒಂದು ತಂಡ ಕಟ್ಟಿದರು. ಮೈಕ್ ಪ್ಯಾಟನ್ ಹಾಡುವವನು, ಟ್ರೆವರ್ ಡನ್ ಬೇಸ್ ಗಿಟಾರಿನವನು, ಟ್ರೇ ಸ್ಪ್ರೂಯೆನ್ಸ್ ಗಿಟಾರಿನವನು. ತಂಡಕ್ಕೆ ಇಟ್ಟ ಹೆಸರು ಮಿಸ್ಟರ್ ಬಂಗಲ್. ಈ ಹೆಸರಿನ ಹಿಂದೆ ಒಂದು ತಮಾಷೆಯಿದೆ. ಅಮೆರಿಕದ ಶಾಲೆಗಳಲ್ಲಿ ಊಟದ ಕೋಣೆಯ ಶಿಸ್ತು ಕಲಿಸಲೆಂದು ತೋರಿಸುತ್ತಿದ್ದ ಹಳೆಯ ಕಿರುಚಿತ್ರವೊಂದರಲ್ಲಿ ಮಿಸ್ಟರ್ ಬಂಗಲ್ ಎಂಬ ಗೊಂಬೆ ಬರುತ್ತದೆ. ಕೈ ತೊಳೆಯುವುದಿಲ್ಲ, ತಲೆ ಬಾಚುವುದಿಲ್ಲ, ಸಾಲಿನಲ್ಲಿ ನಿಲ್ಲದೆ ನಡುವೆ ನುಗ್ಗುತ್ತದೆ. 'ಮಕ್ಕಳೇ, ಹೀಗಿರಬೇಡಿ' ಎಂದು ತೋರಿಸಲು ಮಾಡಿದ ಗೊಂಬೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಎಡವಟ್ಟರಾಯ. ಹುಡುಗರು ಅದನ್ನೇ ಆರಿಸಿಕೊಂಡರು. ಯಾಕೆ ಎಂದು ಯಾವ ಶಿಕ್ಷಕರಿಗೂ ಹೇಳಬೇಕಾಗಿಲ್ಲ.

1986ರಲ್ಲಿ ಈ ಎಡವಟ್ಟರಾಯರು ಒಂದು ಕ್ಯಾಸೆಟ್ ಮಾಡಿದರು. ಪ್ಯಾಟನ್, ಡನ್ ಇಬ್ಬರಿಗೆ ಹದಿನೆಂಟು, ಸ್ಪ್ರೂಯೆನ್ಸ್ ಇನ್ನೂ ಚಿಕ್ಕವನು. ಕ್ಯಾಸೆಟ್ಟಿನ ಹೆಸರು 'ದಿ ರೇಜಿಂಗ್ ರಾತ್ ಆಫ್ ದಿ ಈಸ್ಟರ್ ಬನ್ನಿ'. ಈಸ್ಟರ್ ಹಬ್ಬಕ್ಕೆ ಮಕ್ಕಳಿಗೆ ಬಣ್ಣದ ಮೊಟ್ಟೆ ತಂದುಕೊಡುವ ಮೊಲರಾಯನಿಗೆ ತಡೆಯಲಾರದ ಸಿಟ್ಟು ಬಂದಿದೆಯೆಂದು ಅರ್ಥ. ಧ್ವನಿ ಮಸುಕು, ಡ್ರಮ್ಮು ಎಲ್ಲೋ ಪಕ್ಕದ ಮನೆಯಲ್ಲಿ ಬಾರಿಸಿದಂತೆ. ಆದರೆ ಒಳಗಿನ ಹಾಡುಗಳ ಕಟ್ಟಣೆ ಸಾದಾ ಅಲ್ಲ. ಒಂದೊಂದರಲ್ಲಿ ಹತ್ತಾರು ತಿರುವು. ತಲೆಯಲ್ಲಿ ಕೇಳಿದ್ದನ್ನು ಕೈ ಇನ್ನೂ ಪೂರ್ತಿ ನುಡಿಸಲಾರದು, ಆದರೂ ಬಿಡುವುದಿಲ್ಲ ಎಂಬ ಹಟ ಆ ಕ್ಯಾಸೆಟ್ಟಿನ ತುಂಬ ಕೇಳಿಸುತ್ತದೆ.

ಆ ಕಾಲದಲ್ಲಿ ಇಂಥ ಕ್ಯಾಸೆಟ್ಟುಗಳು ಅಂಗಡಿಯಿಂದ ಹೆಚ್ಚಾಗಿ ಹರಡಲಿಲ್ಲ, ಅಂಚೆಯಿಂದ ಹರಡಿದವು. ಒಬ್ಬ ತನ್ನಲ್ಲಿದ್ದುದನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸಿ ಇನ್ನೊಬ್ಬನಿಗೆ ಕಳಿಸುವುದು, ಅವನು ತನ್ನದೊಂದನ್ನು ತಿರುಗಿ ಕಳಿಸುವುದು. ಒಂದರಿಂದ ಒಂದಕ್ಕೆ ಇಳಿಸಿದಂತೆ ಸುಯ್ಯೆನ್ನುವ ಸದ್ದು ಹೆಚ್ಚುತ್ತಿತ್ತು. ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಲ್ಲಿ ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಹಾಡಿನ ಚೀಟಿ ಬರೆದುಕೊಟ್ಟು 'ಸಂಜಿಗೆ ಬಂದು ಒಯ್ತೇನಿ ಕಾಕಾ' ಎಂದು ಹೇಳಿ ಬಂದ ಇಂದಿನ ಪಾಲಕರಿಗೆ ಆ ಸದ್ದು ಗೊತ್ತು.

ಈ ಮಸುಕು ಕ್ಯಾಸೆಟ್ಟೇ ಪ್ಯಾಟನ್‌ಗೆ ದಾರಿ ತೋರಿಸಿತು. ಹಾಡುಗಾರನನ್ನು ಹುಡುಕುತ್ತಿದ್ದ ಫೇತ್ ನೋ ಮೋರ್ ಎಂಬ ತಂಡದವರು ಮಿಸ್ಟರ್ ಬಂಗಲ್ ಹುಡುಗರ ಡೆಮೊ ಕೇಳಿ ಅವನನ್ನು ಕರೆಸಿಕೊಂಡರು. ಅವನು ಹಾಡಿದ ಅವರ 'ದಿ ರಿಯಲ್ ಥಿಂಗ್' 1989ರಲ್ಲಿ ಬಂದು ಲೋಕಪ್ರಸಿದ್ಧವಾಯಿತು. ಆಮೇಲೆ ಮಿಸ್ಟರ್ ಬಂಗಲ್ ತಂಡಕ್ಕೂ ದೊಡ್ಡ ಕಂಪನಿಯ ಕರಾರು ಸಿಕ್ಕಿತು. ಆ ಹೊತ್ತಿಗೆ ಅವರು ಥ್ರ್ಯಾಶ್ ಬಿಟ್ಟು ಎಲ್ಲೆಲ್ಲಿಗೋ ಹೋಗಿದ್ದರು. 1991, 1995, 1999, ಮೂರು ಆಲ್ಬಮ್. ಜಾಝ್, ಸರ್ಕಸ್ಸಿನ ವಾದ್ಯ, ಸಿನಿಮಾ ಸಂಗೀತ ಎಲ್ಲ ಕಲಸಿದ ವಿಚಿತ್ರ ಪಾಕ. ವಿಮರ್ಶಕರು ಮೆಚ್ಚಿದ್ದು ಅದನ್ನು. 2000ದ ಬಳಿಕ ತಂಡ ನಿಂತುಹೋಯಿತು. ಶಾಲೆಯ ಕ್ಯಾಸೆಟ್ಟನ್ನು ಗಟ್ಟಿ ಅಭಿಮಾನಿಗಳು ಬಿಟ್ಟರೆ ಯಾರೂ ನೆನೆಯುತ್ತಿರಲಿಲ್ಲ.

ಇಪ್ಪತ್ತು ವರ್ಷಗಳ ನಂತರ, 2020ರ ಫೆಬ್ರುವರಿಯಲ್ಲಿ, ತಂಡ ಮತ್ತೆ ವೇದಿಕೆ ಏರಿತು. ಆ ಪ್ರಸಿದ್ಧ ಮೂರು ಆಲ್ಬಮ್ಮುಗಳ ಹಾಡಿಗಾಗಿ ಕಾದವರಿಗೆ ಸಿಕ್ಕಿದ್ದು 1986ರ ಕ್ಯಾಸೆಟ್! ಅದೇ ವರ್ಷ ಸ್ಟುಡಿಯೋದಲ್ಲಿ ಕುಳಿತು ಅದನ್ನೇ ಹೊಸದಾಗಿ ಧ್ವನಿಮುದ್ರಿಸಿದರು. ಅಕ್ಟೋಬರ್ 30ರಂದು ಅದು ಹೊರಬಂತು. ಹೆಸರೂ ಅದೇ, ಕೊನೆಗೆ 'ಡೆಮೊ' ಎಂಬ ಪದವನ್ನು ಬೇಕೆಂದೇ ಉಳಿಸಿಕೊಂಡರು. ಹದಿನೆಂಟರಲ್ಲಿ ಕಟ್ಟಿದ ಹಾಡಿಗೆ ಐವತ್ತೆರಡರ ಕೈ.

ಆ ಕೈಗಳಲ್ಲಿ ಇನ್ನೂ ಎರಡು ಜೋಡಿ ಸೇರಿಕೊಂಡವು. ಹಳೆಯ ತಂಡದ ಮೂವರ ಜೊತೆಗೆ ಡ್ರಮ್ಮಿಗೆ ಕುಳಿತವನು ಸ್ಲೇಯರ್ ತಂಡದಲ್ಲಿ ಹೆಸರು ಮಾಡಿದ ಡೇವ್ ಲೊಂಬಾರ್ಡೊ. ಎರಡನೆಯ ಗಿಟಾರು ಆಂಥ್ರಾಕ್ಸ್ ತಂಡದ ಸ್ಕಾಟ್ ಇಯಾನ್. 1986ರಲ್ಲಿ ಯುರೇಕಾದ ಹುಡುಗರು ಯಾರ ಕೈ ನೋಡಿ ಕಲಿಯುತ್ತಿದ್ದರೋ ಆ ಪೀಳಿಗೆಯ ಉಸ್ತಾದರು ಇವರು. ಲೊಂಬಾರ್ಡೊ ಬೆಂಗಳೂರಿಗೂ ಬಂದಿದ್ದ, 2012ರ ಅಕ್ಟೋಬರಿನಲ್ಲಿ, ಸ್ಲೇಯರ್ ಜೊತೆ. ನಿಪ್ಪಾಣಿಯ ಹೈಸ್ಕೂಲು ಗ್ಯಾದರಿಂಗಿನಲ್ಲಿ ಹಾಡಿದ ಹುಡುಗನೊಬ್ಬ ಮೂವತ್ತು ವರ್ಷದ ಮೇಲೆ ಅದೇ ಹಾಡನ್ನು ಹಾಡುವಾಗ ಉಸ್ತಾದ್ ಝಾಕಿರ್ ಹುಸೇನರು ಬಂದು ತಬಲಾ ಹಿಡಿದು ಕುಳಿತಂತೆ ಎಂದುಕೊಳ್ಳಿ. ಅದೂ ಎಂಥ ತಬಲಾ? ಶಾಲೆಯ ಹುಡುಗ ಹಾಕಿಕೊಂಡ ತಿರುವುಗಳನ್ನು ಒಂದೂ ಬಿಡದೆ ಕಲಿತು ಬಾರಿಸಿದ ತಬಲಾ.

ಹಳೆಯ ಹಾಡನ್ನು ಮತ್ತೆ ಧ್ವನಿಮುದ್ರಿಸಿದವರು ಇವರೊಬ್ಬರೇ ಅಲ್ಲ. ಥ್ರ್ಯಾಶ್ ಲೋಕದಲ್ಲಿ ಇದೊಂದು ಪದ್ಧತಿಯೇ ಆಗಿದೆ, ಕಾರಣಗಳು ಮಾತ್ರ ಬೇರೆಬೇರೆ. ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಟೆಸ್ಟಮೆಂಟ್ ತಂಡ 2001ರಲ್ಲಿ ತನ್ನ ಮೊದಲ ಎರಡು ಆಲ್ಬಮ್ಮುಗಳ ಹಾಡುಗಳನ್ನು ಹೊಸದಾಗಿ ಹೊರತಂದಿತು. ಅದೇ ವರ್ಷ ಹಾಡುಗಾರ ಚಕ್ ಬಿಲ್ಲಿಗೆ ಕ್ಯಾನ್ಸರ್ ಪತ್ತೆಯಾಗಿ, ಚಿಕಿತ್ಸೆಯ ನೆರವಿಗೆಂದು ಆ ಭಾಗದ ಹಳೆಯ ತಂಡಗಳೆಲ್ಲ ಕೂಡಿ ಒಂದು ಕಛೇರಿ ನಡೆಸಿದ್ದವು. ಅವನು ಗುಣಮುಖನಾದ. ತಂಡ ಬಿಟ್ಟು ಜಾಝ್ ಕಲಿಯಲು ಹೋಗಿದ್ದ ಗಿಟಾರಿನ ಅಲೆಕ್ಸ್ ಸ್ಕೋಲ್ನಿಕ್ ಆ ಆಲ್ಬಮ್ಮಿಗಾಗಿ ಬಂದು ನುಡಿಸಿದ. ಎಕ್ಸೋಡಸ್ ತಂಡ 1985ರ ತನ್ನ ಮೊದಲ ಆಲ್ಬಮ್ಮನ್ನು 2008ರಲ್ಲಿ ಆರಂಭದಿಂದ ಕೊನೆಯವರೆಗೆ ಮತ್ತೆ ನುಡಿಸಿತು. ಅದನ್ನು ಮೊದಲು ಹಾಡಿದ್ದ ಪಾಲ್ ಬಾಲಾಫ್ 2002ರಲ್ಲಿ ತೀರಿಕೊಂಡಿದ್ದ. ಇದು ಅವನಿಗೆ ಸಲ್ಲಿಸಿದ ಗೌರವ. ಆಂಥ್ರಾಕ್ಸ್ 2004ರಲ್ಲಿ, ಯಾವ ಹಾಡು ಮತ್ತೆ ಬೇಕೆಂದು ಅಭಿಮಾನಿಗಳಿಂದಲೇ ಮತ ಕೇಳಿ, ಹೊಸ ಹಾಡುಗಾರನಿಂದ ಹಾಡಿಸಿತು. ಜರ್ಮನಿಯ ಸೋಡಮ್ ತಂಡದ್ದು ನನಗೆ ಹೆಚ್ಚು ಹಿಡಿಸಿದ ಕಥೆ. ಗೆಲ್ಸೆನ್‌ಕಿರ್ಖನ್ ಎಂಬ ಕಲ್ಲಿದ್ದಲ ಊರಿನವರು. ಹಾಡುಗಾರ ಟಾಮ್ ಏಂಜಲ್‌ರಿಪ್ಪರ್ ಗಣಿಯಲ್ಲಿ ದುಡಿದವನು. 1985ರ ಅವರ ಮೊದಲ ರೆಕಾರ್ಡು ವಾದ್ಯ ಹಿಡಿಯಲು ಇನ್ನೂ ಕಲಿಯುತ್ತಿರುವವರ ರೆಕಾರ್ಡು. ಬೇರೆಬೇರೆಯಾಗಿದ್ದ ಆ ಮೂವರೇ 2007ರಲ್ಲಿ ಮತ್ತೆ ಕೂಡಿ ಅದನ್ನು ನುಡಿಸಿದರು. ಮರುವರ್ಷ ಅವರ ಡ್ರಮ್ಮಿನವನು ತೀರಿಹೋದ.

ಹಣದ ಕಾರಣವೂ ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ವಿದ್ಯಾರ್ಥಿಗಳಿಗೆ ಇದು ಗೊತ್ತಿರಬೇಕು: ಹಾಡು ಬೇರೆ, ಹಾಡಿನ ರೆಕಾರ್ಡು ಬೇರೆ. ಹಾಡು ಬರೆದವನ ಹಕ್ಕು ಒಂದು, ಅದನ್ನು ಧ್ವನಿಮುದ್ರಿಸಿದ ಕಂಪನಿಯ ಹಕ್ಕು ಇನ್ನೊಂದು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯೂ ಹೀಗೆಯೇ ಎರಡನ್ನೂ ಬೇರೆ ಮಾಡುತ್ತದೆ. ಧ್ವನಿಮುದ್ರಿಕೆಯ ಹಕ್ಕು 60 ವರ್ಷ ನಡೆಯುತ್ತದೆ. ಹರೆಯದಲ್ಲಿ ಕಣ್ಣು ಮುಚ್ಚಿ ಕರಾರಿಗೆ ಸಹಿ ಹಾಕಿದವರು ಮುಂದೆ ತಮ್ಮದೇ ದನಿಯ ಒಡೆತನ ಕಳೆದುಕೊಂಡಿರುತ್ತಾರೆ. ಹೊಸದಾಗಿ ಹಾಡಿದರೆ ಆ ಹೊಸ ರೆಕಾರ್ಡು ಅವರದು. ಅಮೆರಿಕದ ಟೇಲರ್ ಸ್ವಿಫ್ಟ್ ಎಂಬ ಹಾಡುಗಾರ್ತಿ 2021ರಿಂದ 2023ರವರೆಗೆ ತನ್ನ ನಾಲ್ಕು ಹಳೆಯ ಆಲ್ಬಮ್ಮುಗಳನ್ನು ಮತ್ತೆ ಹಾಡಿದ್ದು ಇದಕ್ಕೇ; ಹಳೆಯ ರೆಕಾರ್ಡುಗಳ ಒಡೆತನವನ್ನು 2025ರಲ್ಲಿ ಆಕೆ ಕೊಂಡುಕೊಂಡಳು. ರಾಯಬಾಗದ ಪತ್ರದ ಮನೆಯಲ್ಲಿ ಮಗಳಿದ್ದರೆ ಆಕೆಗೆ ಈ ಸಂಗತಿ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇಷ್ಟಾದರೂ ಕೇಳುಗರು ಸಾಮಾನ್ಯವಾಗಿ ಹಳೆಯದನ್ನೇ ಹೆಚ್ಚು ಪ್ರೀತಿಸುತ್ತಾರೆ. ಎಕ್ಸೋಡಸ್‌ನ ಎರಡು ರೆಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ಕೇಳಿದರೆ ಕಾರಣ ಹೊಳೆಯುತ್ತದೆ. ಹೊಸದರಲ್ಲಿ ಪ್ರತಿಯೊಂದು ಪೆಟ್ಟೂ ನಿಚ್ಚಳ. ಹಳೆಯದರಲ್ಲಿ ಹಾಡಿನ ಕಾವು ಏರಿದಂತೆ ಲಯವೂ ಒಂದಿಷ್ಟು ಮುಂದಕ್ಕೆ ಜಾರುತ್ತದೆ. ಇಂದಿನ ಸ್ಟುಡಿಯೋಗಳಲ್ಲಿ ನುಡಿಸುವವನ ಕಿವಿಯಲ್ಲಿ ಗಡಿಯಾರದಂತೆ 'ಟಿಕ್ ಟಿಕ್' ಹಾಕಿಟ್ಟಿರುತ್ತಾರೆ. ಅದೂ ಸಾಲದೆ ತಪ್ಪಿದ ಪೆಟ್ಟನ್ನು ಕಂಪ್ಯೂಟರಿನಲ್ಲಿ ಎಳೆದು ಸಾಲಿಗೆ ನಿಲ್ಲಿಸಬಹುದು. ಸಾಲು ನೆಟ್ಟಗಾಗುತ್ತದೆ. ಮೆರವಣಿಗೆ ಕವಾಯತಾಗುತ್ತದೆ.

ದನಿಯೂ ಬದಲಾಗುತ್ತದಲ್ಲ? ಇದಕ್ಕೆ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಿಲ್ಲ, ಹುಬ್ಬಳ್ಳಿಗೆ ಹೋದರೆ ಸಾಕು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿಗೆ ಹಾಡಿದ ತಟ್ಟೆಗಳ ಮೇಲೆ 'ಗಾಂಧಾರಿ' ಎಂಬ ಹೆಸರಿತ್ತು. ಅದರಲ್ಲಿರುವುದು ತೆಳ್ಳನೆಯ, ಎತ್ತರದ ಹೆಣ್ಣುದನಿ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಆ ದನಿ ಹೋಯಿತು. ಗಂಡಸಿನದೆಂದು ಕೇಳುಗರು ಬೆರಗಾಗುವಂಥ ಕಂಚಿನ ದನಿ ಬಂತು. ನಾಡು ಗಂಗೂಬಾಯಿಯವರೆಂದು ಅರಿತದ್ದು ಈ ಎರಡನೆಯ ದನಿಯನ್ನು. ಅವರು ಮೊದಲಿನ ದನಿಯನ್ನು ಅನುಕರಿಸಲು ಹೋಗಲಿಲ್ಲ, ಇದ್ದ ದನಿಯಲ್ಲೇ ರಾಗವನ್ನು ಹೊಸದಾಗಿ ಕಟ್ಟಿದರು. 78 ವೇಗದ ಆ ಹಳೆಯ ತಟ್ಟೆಗಳನ್ನು ಕೇಳಿ, ಆಮೇಲೆ ಲಾಂಗ್‌ಪ್ಲೇ ಕೇಳಿ. ಒಬ್ಬರೇ ಎಂದು ನಂಬಲು ಹೊತ್ತು ಹಿಡಿಯುತ್ತದೆ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

ಹಾಗಾದರೆ ಯುರೇಕಾದವರು ಮಾಡಿದ್ದರಲ್ಲಿ ವಿಶೇಷವೇನು? ನನ್ನ ಮಟ್ಟಿಗೆ ಹೇಳುವುದಾದರೆ, ಅವರು ಹುಡುಗರನ್ನು ತಿದ್ದಲಿಲ್ಲ. ಐವತ್ತು ದಾಟಿದ, ಜಗತ್ತು ಸುತ್ತಿದ, ಹತ್ತು ಬಗೆಯ ಸಂಗೀತ ಅರಗಿಸಿಕೊಂಡ ಮೂವರು ವಿದ್ವಾಂಸರಿಗೆ ಶಾಲೆಯ ದಿನಗಳ ಹಾಡನ್ನು 'ಸುಧಾರಿಸುವುದು' ಎಡಗೈ ಕೆಲಸ. ಒಂದಿಷ್ಟು ಜಾಝ್ ಸೇರಿಸಬಹುದಿತ್ತು, ತಿರುವು ಕಡಿಮೆ ಮಾಡಬಹುದಿತ್ತು. ಅದನ್ನು ಮಾಡಲಿಲ್ಲ. ಹುಡುಗರು ನುಡಿಸಲು ಹೊರಟದ್ದೇನು, ಕೈಗೆ ಎಟುಕದೆ ಉಳಿದದ್ದೇನು ಎಂಬುದನ್ನು ಮಾತ್ರ ಪೂರ್ತಿ ಮಾಡಿಕೊಟ್ಟರು. ಮಕ್ಕಳ ಹಳೆಯ ವಹಿಗಳು ಕೈಗೆ ಸಿಕ್ಕಾಗ ನಾವು ಪಾಲಕರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತೇವೆ: ನಕ್ಕು ರದ್ದಿಗೆ ಹಾಕುತ್ತೇವೆ, ಇಲ್ಲವೇ ಕೆಂಪು ಪೆನ್ನು ಹಿಡಿಯುತ್ತೇವೆ. ಒಂಬತ್ತನೆಯ ಇಯತ್ತೆಯ ಹುಡುಗಿ ಬರೆದ ಕಥೆಯಲ್ಲಿ ಕಾಗುಣಿತ ತಪ್ಪಿರಬಹುದು. ಅದರಲ್ಲಿ ಅವಳು ಹೇಳಹೊರಟದ್ದೇನು ಎಂದು ಕೇಳುವ ಮೂರನೆಯ ದಾರಿ ನಮಗೆ ಹೊಳೆಯುವುದಿಲ್ಲ.

ಒಂದು ಮಾತನ್ನು ಪಾಲಕರಿಂದ ಮುಚ್ಚಿಡಲಾರೆ. ಆ ಆಲ್ಬಮ್ಮಿನ ಕೆಲವು ಹಾಡುಗಳ ಹೆಸರನ್ನು ಈ ಪುಟದಲ್ಲಿ ಅಚ್ಚು ಹಾಕುವಂತಿಲ್ಲ. ಹದಿನೇಳು ಹದಿನೆಂಟರ ಹುಡುಗರು ತಮ್ಮತಮ್ಮಲ್ಲಿ ನಕ್ಕು ಬರೆಯುವ ಒರಟು, ಹೊಲಸು ಮಾತುಗಳು. ಹೆಂಗಸರನ್ನು ಕುರಿತ ಒಂದೆರಡು ಶೀರ್ಷಿಕೆಗಳಂತೂ ಹೇಸಿಗೆ ಹುಟ್ಟಿಸುತ್ತವೆ. ಐವತ್ತೆರಡರಲ್ಲೂ ಅವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಇಲ್ಲಿ ನನಗೆ ಒಪ್ಪಿಗೆಯಿಲ್ಲ. ಹಾಡನ್ನು ತಿದ್ದದಿರುವುದು ಪ್ರಾಮಾಣಿಕತೆ ಎಂದು ಈಗತಾನೇ ಹೊಗಳಿದವನು ಇಲ್ಲಿ ಮುಖ ಸಿಂಡರಿಸಿದರೆ ಹೇಗೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕೇಳಲಿ. ರಾಗ ಕಟ್ಟುವ ಹಟಕ್ಕೂ ಹೊಲಸು ಹೆಸರಿಡುವ ಹುಡುಗಾಟಕ್ಕೂ ವ್ಯತ್ಯಾಸವಿದೆಯೆಂದು ನಾನು ತಿಳಿದಿದ್ದೇನೆ.

ಮತ್ತು ತಿದ್ದಲು ಬರುತ್ತದೆ ಎಂಬುದನ್ನು ಅದೇ ಆಲ್ಬಮ್ಮಿನಲ್ಲಿ ಅವರೇ ತೋರಿಸಿದ್ದಾರೆ. ಈ ಭಾಗ ನಮ್ಮ ಗಡಿಯವರು ಕಿವಿಗೊಟ್ಟು ಕೇಳಬೇಕಾದದ್ದು. ಸ್ಕಾಟ್ ಇಯಾನ್ 1985ರಲ್ಲಿ ಕೆಲವು ಗೆಳೆಯರ ಜೊತೆ ಎಸ್.ಓ.ಡಿ. ಎಂಬ ಪಕ್ಕದ ತಂಡ ಕಟ್ಟಿ ಒಂದು ಆಲ್ಬಮ್ ತಂದಿದ್ದ. ಅದರ ಹೆಸರು 'ಸ್ಪೀಕ್ ಇಂಗ್ಲಿಷ್ ಆರ್ ಡೈ', ಇಂಗ್ಲಿಷ್ ಮಾತಾಡು ಇಲ್ಲವೇ ಸಾಯಿ. ಆ ಹೆಸರಿನ ಹಾಡೂ ಅದರಲ್ಲಿದೆ. ಪರದೇಶದಿಂದ ಬಂದವರು ಇಂಗ್ಲಿಷ್ ಆಡುವುದಿಲ್ಲವೆಂದು ಹರಿಹಾಯುವ ಹಾಡು. ಚೇಷ್ಟೆಗೆ ಬರೆದದ್ದೆಂದು ಮಾಡಿದವರು ಹೇಳುತ್ತ ಬಂದರು. ಚೇಷ್ಟೆ ಮಾಡುವವನಿಗೆ ಚೇಷ್ಟೆ; ಕೇಳಿಸಿಕೊಳ್ಳುವವನು ಸ್ಪ್ಯಾನಿಷ್ ಮಾತಾಡುವ ಮನೆಯವನಾಗಿದ್ದರೆ ಅವನಿಗೆ ಏನಾಗುತ್ತದೆಂದು ಯಾರು ಬಲ್ಲರು?

2020ರ ಆಲ್ಬಮ್ಮಿನಲ್ಲಿ ಆ ಹಾಡೂ ಬರುತ್ತದೆ. ಅದೇ ಸ್ಕಾಟ್ ಇಯಾನನ ಗಿಟಾರು. ಆದರೆ ಹೆಸರು 'ಹಾಬ್ಲಾ ಎಸ್ಪಾನ್ಯೋಲ್ ಒ ಮುಯೇರೆ'. ಸ್ಪ್ಯಾನಿಷ್ ಮಾತಾಡು ಇಲ್ಲವೇ ಸಾಯಿ! ಡ್ರಮ್ಮಿಗೆ ಕುಳಿತ ಲೊಂಬಾರ್ಡೊ ಹುಟ್ಟಿದ್ದು ಕ್ಯೂಬಾದ ಹವಾನಾದಲ್ಲಿ. ಚಿಕ್ಕಂದಿನಲ್ಲೇ ಮನೆಯವರೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಬಂದವನು, ಸ್ಪ್ಯಾನಿಷ್ ಮನೆಮಾತಿನವನು. ಯಾರೂ ಯಾರ ಕ್ಷಮೆ ಕೇಳಿದ ಗದ್ದಲವಿಲ್ಲ, ಭಾಷಣವಿಲ್ಲ. ಹಾಡು ಅದೇ ವೇಗದಲ್ಲಿ ಓಡುತ್ತದೆ, ಭಾಷೆ ಮಾತ್ರ ಪಕ್ಕ ಬದಲಿಸಿದೆ.

ಬಸ್ಸಿನ ಬೋರ್ಡು ಯಾವ ಲಿಪಿಯಲ್ಲಿರಬೇಕೆಂದು ವರ್ಷಕ್ಕೊಮ್ಮೆಯಾದರೂ ಬಿಸಿಯಾಗುವ ಸೀಮೆ ನಮ್ಮದು. ನಿಪ್ಪಾಣಿಯ ಪೇಟೆಯಲ್ಲಿ ಒಂದೇ ವಾಕ್ಯದೊಳಗೆ ಕನ್ನಡದಿಂದ ಮರಾಠಿಗೆ ದಾಟಿ ಮತ್ತೆ ಕನ್ನಡಕ್ಕೆ ಬರುವ ವ್ಯಾಪಾರಿಗಳನ್ನು ದಿನಾ ನೋಡುತ್ತೇವೆ. ಅವರ ಮಕ್ಕಳು ಶಾಲೆಯ ಬೆಂಚಿನ ಮೇಲೆ ಕೈವಾರದ ಮೊನೆಯಿಂದ 'ಇದನ್ನೇ ಮಾತಾಡು' ಎಂದು ಕೆತ್ತುವುದನ್ನೂ ನೋಡುತ್ತೇವೆ. ಹದಿನಾರರಲ್ಲಿ ಕೆತ್ತಿದ್ದಕ್ಕೆ ಮುಂದೊಂದು ದಿನ ಕೆತ್ತಿದವನೇ ಬಂದು ಇನ್ನೊಂದು ಲಿಪಿಯಲ್ಲಿ ಜವಾಬು ಬರೆದಂತಿದೆ ಆ ಹಾಡು.

ರಾಯಬಾಗದ ಯಜಮಾನರಿಗೆ ನನ್ನ ಸಲಹೆ ಇಷ್ಟು: ಮಗನ ಪರೀಕ್ಷೆ ಮುಗಿದ ಮರುದಿನ ಅವನ ಹತ್ತಿರ ಕುಳಿತು ಎರಡು ರೆಕಾರ್ಡುಗಳಲ್ಲಿ ಯಾವುದು ಅವನಿಗೆ ಹಿಡಿಸಿತು, ಯಾಕೆ ಹಿಡಿಸಿತು ಎಂದು ಕೇಳಿ ನೋಡಿ. ಹಾಡು ಹಿಡಿಸದೆ ಇರಬಹುದು. ಅವನ ಉತ್ತರ ಹಿಡಿಸಬಹುದು. ಸದ್ದು ಮಾತ್ರ ಕಡಿಮೆ ಇಟ್ಟುಕೊಳ್ಳಿ.

ಆ ಆಲ್ಬಮ್ ಬಂದಾಗ ಕೋವಿಡ್ ಕಾಲ, ಎಲ್ಲ ಕಡೆ ವೇದಿಕೆಗಳಿಗೆ ಬೀಗ. ಮರುದಿನ, 2020ರ ಅಕ್ಟೋಬರ್ 31ರಂದು, ಐವರೂ ಎದುರಿಗೆ ಕೇಳುಗರಿಲ್ಲದೆ ನುಡಿಸಿದ ಕಛೇರಿಯೊಂದು ಇಂಟರ್ನೆಟ್ಟಿನಲ್ಲಿ ಪ್ರಸಾರವಾಯಿತು. ಅದಕ್ಕೆ ಅವರು ಇಟ್ಟ ಹೆಸರು 'ದಿ ನೈಟ್ ದೇ ಕೇಮ್ ಹೋಮ್', ಅವರು ಮನೆಗೆ ಬಂದ ರಾತ್ರಿ.